ನಂಬಿಕೆ ಇರುವ ನಮ್ಮಣ್ಣ

ನಮ್ಮಣ್ಣನನ್ನು ರೇಗಿಸಲು ಕೆಟ್ಟ ಮಾತು ಬೇಕಾಗಿಲ್ಲ. "ನಿಮ್ಮ ಮೇಲೆ ನಮಗೆ ನಂಬಿಕೆ ಇದೆ" ಎಂದರೆ ಸಾಕು, ಮೂಗಿನ ತುದಿಯಲ್ಲೇ ಕುಳಿತಿರುವ ಸಿಟ್ಟು ಹೊರಗೆ ಸಿಡಿಯುತ್ತದೆ. ಬೀಗ ರಿಪೇರಿ ಮಾಡುವವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ ಎಂಬುದು ಅವನ ವಾದ. ಮೊದಮೊದಲು ನನಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. ಒಳ್ಳೆಯ ಮಾತಾಡಿದವರ ಮೇಲೆ ಇವನು ಯಾಕೆ ಹರಿಹಾಯುತ್ತಾನೆ, ಹೀಗಾದರೆ ಗಿರಾಕಿಗಳು ಉಳಿಯುತ್ತಾರೆಯೇ ಎಂದು ನಾನೇ ಅವನ ಮೇಲೆ ಹರಿಹಾಯುತ್ತಿದ್ದೆ.

ನಮ್ಮದು ಒಂದೇ ಅಂಗಡಿ, ಎರಡು ವ್ಯಾಪಾರ. ನಡುವೆ ಎದೆಯೆತ್ತರದ ಪ್ಲೈವುಡ್ ಹಲಗೆ. ಎಡಕ್ಕೆ ನನ್ನ ಝೆರಾಕ್ಸ್ ಮಷಿನ್, ಬಲಕ್ಕೆ ಅವನ ಕೀ ಕತ್ತರಿಸುವ ಮಷಿನ್. ಅದು ಉಗುಳುವ ಹಿತ್ತಾಳೆ ಪುಡಿ ಸಂಜೆಯ ಹೊತ್ತಿಗೆ ನನ್ನ ಬಿಳಿ ಕಾಗದದ ಮೇಲೆಲ್ಲ ಬಂದು ಕುಳಿತಿರುತ್ತದೆ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಗಳು. ಹಲಗೆ ಗಿಡ್ಡವಾಗಿರುವುದರಿಂದ ಆ ಕಡೆಯ ಮಾತು ಈ ಕಡೆಗೆ ಚೆನ್ನಾಗಿ ಕೇಳುತ್ತದೆ. ಕೇಳದಿದ್ದರೆ ನಾನು ಎದ್ದು ನಿಂತು ಕೇಳಿಸಿಕೊಳ್ಳುತ್ತೇನೆ. ಮೇಲಿನ ಮಹಡಿಯಲ್ಲಿ ನಮ್ಮ ಮನೆ. ಅತ್ತಿಗೆ ತೀರಿಹೋಗಿ ಬಹಳ ಕಾಲವಾಯಿತು. ನನ್ನ ಗಂಡನೂ ಇಲ್ಲ. ಅಣ್ಣ, ಅವನ ಮಗಳು, ನಾನು, ಮೂವರೇ.

ಒಂದು ಸಲ ಹಿಂದಿನ ಬೀದಿಯಲ್ಲಿರುವ, ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ಮನೆಯ ಕೀ ಒಳಗಿಟ್ಟು ಬಾಗಿಲು ಎಳೆದುಕೊಂಡುಬಿಟ್ಟಿದ್ದರು. ಬಂದು ಅಣ್ಣನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಅವನು ಕನ್ನಡಕ ಮರೆತು ಹೋಗಿದ್ದ, ಅದನ್ನು ಕೊಡಲೆಂದು ನಾನೂ ಹಿಂದೆಯೇ ಹೋದೆ. ಅಣ್ಣ ಬಾಗಿಲ ಮುಂದೆ ಮೊಣಕಾಲೂರಿ ಕುಳಿತಿದ್ದಾನೆ. ಬ್ಯಾಂಕಿನವರು ಅವನ ಕಿವಿಗೆ ಉಸಿರು ತಾಗುವಷ್ಟು ಹತ್ತಿರ ಬಗ್ಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಕೈಯನ್ನೇ ನೋಡುತ್ತಿದ್ದಾರೆ. ಅವರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಾರೆ.

"ನೀವು ಅಂದ್ರೆ ನಮಗೆ ನಂಬಿಕೆ ಯಜಮಾನ್ರೇ. ಅದಕ್ಕೇ ನಿಮ್ಮನ್ನೇ ಕರೆದಿದ್ದು" ಎಂದರು ಬ್ಯಾಂಕಿನವರು, ಕಣ್ಣು ಮಾತ್ರ ಕೀಳಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಬಂದರು. ಕೈಯಲ್ಲಿ ದೊಡ್ಡ ಅಂಗಡಿಯಿಂದ ತಂದ ಹೊಸ ಬೀಗ, ಡಬ್ಬಿ ಇನ್ನೂ ಒಡೆದಿಲ್ಲ.

"ಹಳೇದು ಚೆನ್ನಾಗೇ ಇತ್ತಲ್ಲ ಸ್ವಾಮಿ?" ಎಂದ ಅಣ್ಣ.

"ಇತ್ತು. ಮನೆಯವಳಿಗೆ ಯಾಕೋ ಸಮಾಧಾನ ಇಲ್ಲ. ನನಗೇನೋ ನಿಮ್ಮ ಮೇಲೆ ಪೂರ್ತಿ ನಂಬಿಕೆ."

ಆ ಬೀಗವನ್ನು ಕೂರಿಸಲು ಅಣ್ಣ ಮತ್ತೆ ಹೋದ. ಕೀಗಳನ್ನು ಬ್ಯಾಂಕಿನವರು ಮುಷ್ಟಿಯೊಳಗೇ ಇಟ್ಟುಕೊಂಡರಂತೆ. ತಿರುಗುತ್ತದೋ ಇಲ್ಲವೋ ನೋಡಬೇಕಾದಾಗಲೆಲ್ಲ ಅವರೇ ಮುಂದೆ ಬಂದು ತಿರುಗಿಸಿ, ಮತ್ತೆ ಮುಷ್ಟಿ ಮುಚ್ಚುತ್ತಿದ್ದರಂತೆ. ಅಣ್ಣ ಅಂಗಡಿಗೆ ಬಂದವನೇ ಸ್ಕ್ರೂಡ್ರೈವರನ್ನು ಡಬ್ಬಿಗೆ ಎಸೆದ ಸದ್ದಿಗೆ ನಾನು ಹಾಳೆ ತಪ್ಪಾಗಿ ಇಟ್ಟು ಒಬ್ಬರ ಅಂಕಪಟ್ಟಿಯನ್ನು ತಲೆಕೆಳಗಾಗಿ ತೆಗೆದುಕೊಟ್ಟೆ.

"ನೋಡೇ," ಎಂದ ಸಂಜೆ ಟೀ ಕುಡಿಯುವಾಗ. "ನಂಬಿಕೆ ಅನ್ನೋದು ಎಲ್ಲರ ಮನೇಲೂ ಇರುತ್ತೆ. ಶೋಕೇಸಲ್ಲಿ ಇಟ್ಟಿರೋ ಕಪ್ಪು-ಬಸಿ ಇದ್ದ ಹಾಗೆ. ಬಂದೋರಿಗೆಲ್ಲ ತೋರಿಸ್ತಾರೆ, ಒಬ್ಬರೂ ಅದರಲ್ಲಿ ಟೀ ಕುಡಿಯಲ್ಲ. ನಂಬೋದು ಅನ್ನೋದೇ ಬೇರೆ. ನಂಬೋನು ನಂಬಿಕೆ ಇದೆ ಅಂತ ಬಾಯಿ ಬಿಡಲ್ಲ. ಕೆಲಸ ಕೊಟ್ಟು ಆ ಕಡೆ ಹೋಗಿ ಪೇಪರ್ ಓದ್ತಾ ಕೂರ್ತಾನೆ."

ಮಾತು ನನಗೆ ಹಿಡಿಸಿತು. ಹೌದಲ್ಲ, ಒಂದು ಮನೆಯಲ್ಲಿ ಇಟ್ಟುಕೊಳ್ಳುವ ಪದಾರ್ಥ, ಇನ್ನೊಂದು ಎದ್ದು ಮಾಡಬೇಕಾದ ಕೆಲಸ. ಒಂದೇ ಬೇರಿನಿಂದ ಹುಟ್ಟಿದ ಮಾತಾದರೂ ಒಂದು ಇದ್ದ ಮಾತ್ರಕ್ಕೆ ಇನ್ನೊಂದು ನಡೆದೀತೆಂದು ಹೇಳುವ ಹಾಗಿಲ್ಲ. ನನ್ನ ಗಂಡನನ್ನೇ ನೋಡಿ. ಬಹಳ ತಿಳಿವಳಿಕೆಯ ಮನುಷ್ಯ ಎಂದು ಬೀದಿಯೇ ಹೊಗಳುತ್ತಿತ್ತು. ತಿಳಿವಳಿಕೆ ಇತ್ತು, ಸುಳ್ಳಲ್ಲ. ಆದರೆ ಬದುಕಿದಷ್ಟು ಕಾಲವೂ ಏನನ್ನೂ ತಿಳಿದುಕೊಳ್ಳಲಿಲ್ಲ, ಪುಣ್ಯಾತ್ಮ.

ಇಷ್ಟು ಸೊಗಸಾಗಿ ಬಿಡಿಸಿ ಹೇಳಿದ ಇದೇ ಅಣ್ಣ ಮಗಳ ವಿಷಯಕ್ಕೆ ಬಂದರೆ ಏನಾಗುತ್ತಾನೆ ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಅವಳನ್ನು ನಾವು ಗುಬ್ಬಿ ಎನ್ನುತ್ತೇವೆ. ಚಿಕ್ಕವಳಿದ್ದಾಗ ಊಟದ ತಟ್ಟೆಯಲ್ಲಿ ಒಂದೊಂದೇ ಅಗುಳು ಹೆಕ್ಕುತ್ತಿದ್ದಳು, ಅದಕ್ಕೆ. ಈಗ ಅಪ್ಪನಿಗಿಂತ ಗೇಣುದ್ದ ಎತ್ತರ, ದನಿಯೂ ಗುಬ್ಬಿಯದಲ್ಲ. ಕಾಲೇಜು ಮುಗಿಸಿ ಅಂಗಡಿಗೇ ಬಂದಳು. ಮಾಮೂಲಿ ಬೀಗದ ಕೆಲಸವನ್ನೆಲ್ಲ ಅಪ್ಪನಿಂದಲೇ ಕಲಿತಳು. ನಂಬರ್ ಒತ್ತಿದರೆ ತೆರೆಯುವುದು, ಬೆರಳಿಟ್ಟರೆ ತೆರೆಯುವುದು, ಇಂಥ ಹೊಸ ಬೀಗಗಳನ್ನು ತಾನಾಗಿಯೇ ಬಿಚ್ಚಿ ಬಿಚ್ಚಿ ಕಲಿತಳು. ಪಕ್ಕದ ಅಂಗಡಿಯವರಿಗೆ ಅಣ್ಣನನ್ನು ಕೆಣಕಲು ಅವಳೇ ನೆಪ. "ಅಂಗಡಿ ತುಂಬ ಬೀಗ ಇದ್ರೂ ನಿಮಗೆ ಒಬ್ಬ ಬೀಗ ಸಿಗಲಿಲ್ಲವಲ್ಲ ಯಜಮಾನ್ರೇ" ಎನ್ನುತ್ತಿದ್ದರು. ಗುಬ್ಬಿಯೇ ಒಳಗಿನಿಂದ, "ಆ ಬೀಗಕ್ಕೆ ಕೀ ನಮ್ಮಲ್ಲಿ ಮಾಡಲ್ಲ" ಎನ್ನುತ್ತಿದ್ದಳು.

ಅಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಡಾಕ್ಟರು ಹೇಳಿದ್ದಾರೆ, ನಾವು ಹೇಳಿದ್ದೇವೆ, ಅವನು ಮಾತ್ರ ಬಲ್ಬಿನ ಬೆಳಕು ಕಡಿಮೆ ಎನ್ನುತ್ತಾನೆ. ಬಲ್ಬು ಬದಲಾಯಿಸಿದೆವು. ಈಗ ಕಂಪನಿಯವರು ಕೆಟ್ಟ ಬಲ್ಬು ಮಾಡುತ್ತಾರೆ ಎನ್ನುತ್ತಾನೆ. ಹೀಗಾಗಿ ಕೀ ಕತ್ತರಿಸುವ ಕೆಲಸವೆಲ್ಲ ಗುಬ್ಬಿಯ ಕೈಗೆ ಬಂದಿತ್ತು. ಅವಳು ಕತ್ತರಿಸಿದ ಕೀ ಎಂದರೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಿತ್ತು. ಆದರೆ ಅವಳು ಕೀಯನ್ನು ಮೇಜಿನ ಮೇಲಿಟ್ಟು ಆ ಕಡೆ ತಿರುಗಿದಳೋ, ಇವನು ಭೂತಗನ್ನಡಿ ಎತ್ತಿಕೊಂಡು ಅದನ್ನು ಬೆಳಕಿಗೆ ಹಿಡಿಯುತ್ತಿದ್ದ. ಏನು ಕಾಣುತ್ತಿತ್ತೋ ದೇವರಿಗೇ ಗೊತ್ತು. ಆಮೇಲೆ ಅರ ತೆಗೆದುಕೊಂಡು, ಯಾವುದಾದರೂ ಒಂದು ಹಲ್ಲಿನ ಮೇಲೆ ಒಂದು ಗೀರು. ಒಂದೇ ಒಂದು. "ಇರಲಿ, ಭದ್ರಕ್ಕೆ" ಎನ್ನುತ್ತಿದ್ದ.

ಕೀಯ ವಿಷಯದಲ್ಲಿ ಭದ್ರಕ್ಕೆ ಎಂಬುದೇ ಇಲ್ಲ. ಉಜ್ಜಿದ ಲೋಹವನ್ನು ಮತ್ತೆ ಅಂಟಿಸಲಾಗುವುದಿಲ್ಲ. ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಬೀಗ ಮುನಿಸಿಕೊಳ್ಳುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟವನೂ ಅವನೇ. ಗಿರಾಕಿಗಳು ಕೀ ತಂದು ಮೇಜಿನ ಮೇಲೆ ಕುಕ್ಕಿ, "ತಿರುಗ್ತಾನೇ ಇಲ್ಲ, ಏನು ಹುಡುಗಾಟ ಇದು" ಎಂದಾಗ ಅಣ್ಣ "ಮಷಿನ್ ಹಳೇದಾಯ್ತು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳುತ್ತಿದ್ದ. ಗುಬ್ಬಿ ಹಲ್ಲು ಕಚ್ಚಿಕೊಂಡು ಇನ್ನೊಂದು ಕೀ ಕತ್ತರಿಸಿ, ಅದನ್ನು ಅಪ್ಪನ ಕೈಗೆ ಸಿಗದ ಹಾಗೆ ನೇರ ಗಿರಾಕಿಯ ಕೈಗೇ ಕೊಡುತ್ತಿದ್ದಳು.

ಮನೆಗಳಿಗೆ ಕಳಿಸುವಾಗಲೂ ಇದೇ ಕಥೆ. "ಹೋಗಿ ಬಾಮ್ಮ, ನೀನು ಮಾಡ್ತೀಯ ಅಂತ ನನಗೆ ನಂಬಿಕೆ ಇದೆ" ಎಂದು ಕಳಿಸುತ್ತಿದ್ದ. ಅವಳು ತಿರುವಿನಲ್ಲಿ ಮರೆಯಾಗುತ್ತಲೇ ಚಪ್ಪಲಿ ಮೆಟ್ಟಿಕೊಂಡು, "ಒಂಚೂರು ಗಾಳಿ ಕುಡಿದು ಬರ್ತೀನಿ" ಎಂದು ಹೊರಡುತ್ತಿದ್ದ. ಆ ಗಾಳಿ ಯಾವಾಗಲೂ ಗುಬ್ಬಿ ಕೆಲಸ ಮಾಡುತ್ತಿರುವ ಮನೆಯ ಎದುರಿಗೇ ಬೀಸುತ್ತಿತ್ತು. ಅಪ್ಪ ಲೈಟುಕಂಬದ ಹಿಂದೆ ಅಡಗಿ ನಿಂತಿರುವುದನ್ನು ಗಿರಾಕಿಗಳೇ ಕಂಡು, "ಯಾರೋ ಮುದುಕ ನಮ್ಮನೆ ಕಡೇನೇ ನೋಡ್ತಿದ್ದಾನೆ, ಪೊಲೀಸಿಗೆ ಹೇಳೋಣ್ವಾ" ಎಂದು ಗುಬ್ಬಿಯನ್ನೇ ಕೇಳಿದ್ದೂ ಉಂಟು.

ಇಂಥದ್ದರಲ್ಲಿ ಬೀಗದ ಕಂಪನಿಯೊಂದರ ಸರ್ವಿಸ್ ಸೆಂಟರಿನಿಂದ ಗುಬ್ಬಿಗೆ ಕೆಲಸಕ್ಕೆ ಕರೆ ಬಂತು. ಊರಿನ ಇನ್ನೊಂದು ತುದಿ. ಅಲ್ಲೇ ಹಾಸ್ಟೆಲಿನಲ್ಲಿ ಇರಬೇಕು. ಬರುವ ಸೋಮವಾರದೊಳಗೆ ಸೇರಬೇಕು, ಇಲ್ಲವಾದರೆ ಬೇರೆಯವರಿಗೆ ಕೊಡುತ್ತಾರೆ. ಅವಳು ಅಪ್ಪನಿಗಿಂತ ಮೊದಲು ನನಗೆ ಹೇಳಿದಳು, ಹಲಗೆಯ ಮೇಲೆ ಗಲ್ಲ ಊರಿ.

"ಅತ್ತೆ, ನನಗೆ ಅಲ್ಲಿಗೆ ಹೋಗೋ ಆಸೆ ಇಲ್ಲ. ಅಲ್ಲಿ ಬರೀ ಅವರದೇ ಬೀಗ. ಇಲ್ಲಾದ್ರೆ ದಿನಾ ಒಂದೊಂದು ಥರದ್ದು ಬರುತ್ತೆ. ಈ ಅಂಗಡಿನ ದೊಡ್ಡದು ಮಾಡಬಹುದು. ಆದ್ರೆ ಅಪ್ಪ ನನ್ನ ಬೆನ್ನ ಮೇಲೇ ಕೂತಿದ್ರೆ ನಾನು ಎಷ್ಟು ದಿನ ಅಂತ ಹೊತ್ಕೊಂಡು ತಿರುಗಲಿ?"

"ಅವನಿಗೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಕಣೇ" ಎಂದು ಬಾಯಿ ತಪ್ಪಿ ಅಂದುಬಿಟ್ಟೆ.

ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಮಷಿನ್ನಿನ ಮುಚ್ಚಳ ಎತ್ತಿ ಸುಮ್ಮನೆ ಗಾಜು ಒರೆಸಿದೆ.

ಅದೇ ವಾರ ಎದುರಿನ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದರು. ಅವರ ಕಟ್ಟಡದ ಪಂಪ್ ರೂಮು, ಮೀಟರ್ ರೂಮು, ತಾರಸಿ, ಜಿಮ್ಮು ಎಲ್ಲದಕ್ಕೂ ಹೊಸ ಬೀಗ ಆಗಬೇಕು. ಕಾವಲಿನವನ ಹತ್ತಿರ ಒಂದೊಂದಕ್ಕೂ ಒಂದೊಂದು ಕೀ, ಸೆಕ್ರೆಟರಿಯ ಹತ್ತಿರ ಎಲ್ಲವನ್ನೂ ತೆರೆಯುವ ಒಂದೇ ಮಾಸ್ಟರ್ ಕೀ. ಇದು ಸರಿಹೋದರೆ ಮುಂದೆ ಆ ಕಟ್ಟಡದ ಬೀಗದ ಕೆಲಸವೆಲ್ಲ ನಮ್ಮದೇ. ಗುಬ್ಬಿ ಅಂದು ಸಂಜೆಯೇ ಅಪ್ಪನ ಎದುರಿಗೆ ಸ್ಟೂಲು ಎಳೆದುಕೊಂಡು ಕುಳಿತು, ಕಂಪನಿಯ ಕೆಲಸದ ವಿಷಯವನ್ನು ಬಿಚ್ಚಿಟ್ಟಳು.

"ನಾನು ಹೋಗಲ್ಲ ಅಪ್ಪ. ಆದ್ರೆ ಈ ಕೆಲಸ ಪೂರ್ತಿ ನನ್ನದು. ಮೊದಲಿಂದ ಕೊನೇವರೆಗೂ ನಾನೇ ಮಾಡ್ತೀನಿ. ಕೆಟ್ಟರೆ ನಂದೇ ತಪ್ಪು. ನೀನು ಮುಟ್ಟಬಾರದು. ಮುಟ್ಟಲಿಲ್ಲ ಅಂದ್ರೆ ನಾನು ಇಲ್ಲೇ ಇರ್ತೀನಿ, ಅವರಿಗೆ ಬರಲ್ಲ ಅಂತ ಹೇಳ್ತೀನಿ."

"ಅಯ್ಯೋ, ಅದಕ್ಕೆ ಇಷ್ಟೆಲ್ಲಾ ಪೀಠಿಕೆ ಯಾಕಮ್ಮ? ನನಗೆ ನಿನ್ನ ಮೇಲೆ..."

"ಅದು ಬೇಡ ಅಪ್ಪ" ಎಂದಳು. "ಅದು ಇದೆ ಅಂತ ನನಗೂ ಗೊತ್ತು. ನೀನು ನಂಬು, ಅಷ್ಟೇ ಸಾಕು."

ಅಣ್ಣ ತಲೆಯಾಡಿಸಿದ. ಅವನಿಗೆ ಮಗಳು ಇಲ್ಲೇ ಇರಬೇಕು ಎಂಬ ಆಸೆ ಎಷ್ಟಿತ್ತೆಂದರೆ, ಅಂದು ಇನ್ನೊಂದು ತುತ್ತು ಹೆಚ್ಚಿಗೆ ಉಂಡ. ನನಗೂ ಹಾಯೆನಿಸಿತು.

ಮೂರು ದಿನ ಅವನು ನಿಜವಾಗಿಯೂ ಮುಟ್ಟಲಿಲ್ಲ. ಕೈ ಕಟ್ಟಿ ಕುಳಿತ, ಪೇಪರ್ ಓದಿದ, ಓದಿದ್ದನ್ನೇ ಓದಿದ. ಗುಬ್ಬಿ ಬೀಗಗಳನ್ನು ಬಿಚ್ಚಿ ಒಳಗಿನ ಸಣ್ಣ ಸಣ್ಣ ಪಿನ್ನುಗಳನ್ನು ಸಾಸಿವೆ ಆರಿಸಿದ ಹಾಗೆ ಆರಿಸಿ ಜೋಡಿಸುತ್ತಿದ್ದರೆ ಇವನ ಬೆರಳುಗಳು ಮೊಣಕಾಲ ಮೇಲೆ ತಾವಾಗಿಯೇ ಕುಣಿಯುತ್ತಿದ್ದವು. ಬೀಗಗಳೆಲ್ಲ ಆ ಕಟ್ಟಡದ ಬಾಗಿಲುಗಳಿಗೆ ಹೋಗಿ ಕುಳಿತವು. ಶನಿವಾರ ಬೆಳಿಗ್ಗೆ ಮಾಸ್ಟರ್ ಕೀ ಕತ್ತರಿಸಿ ಮುಗಿಸಿದಳು. ಸಂಜೆ ಸೆಕ್ರೆಟರಿಯ ಮುಂದೆ ತೋರಿಸಬೇಕಿತ್ತು. ಕೀಯನ್ನು ಒಂದು ಬಟ್ಟೆಯ ಮೇಲಿಟ್ಟು, ಊಟ ಮಾಡಿ ಬರುತ್ತೇನೆಂದು ಮೇಲೆ ಹೋದಳು.

ನಾನು ಯಾರದೋ ಮದುವೆಯ ಸರ್ಟಿಫಿಕೇಟಿನ ಪ್ರತಿ ತೆಗೆಯುತ್ತಿದ್ದೆ. ಹಲಗೆಯ ಆಚೆಯಿಂದ ಸಣ್ಣ ಸದ್ದು ಬಂತು. ಒಂದೇ ಸಲ, ಉಗುರು ಗೀರಿದಂತೆ. ಎದ್ದು ನೋಡುವಷ್ಟರಲ್ಲಿ ಅಣ್ಣ ಅರವನ್ನು ಡಬ್ಬಿಗೆ ಇಳಿಸುತ್ತಿದ್ದ.

"ಏನು ಮಾಡಿದೆ ನೀನು?" ಎಂದೆ.

"ಏನಿಲ್ಲ. ಒಂದು ಹಲ್ಲು ಸ್ವಲ್ಪ ಎತ್ತರ ಕಂಡಿತು. ಭದ್ರಕ್ಕೆ."

"ನಿನಗೆ ಎಲ್ಲಿ ಕಾಣುತ್ತೆ? ಪೇಪರಲ್ಲಿ ಹೆಡ್ಡಿಂಗ್ ಬಿಟ್ಟು ಇನ್ನೇನೂ ಕಾಣಲ್ಲ ನಿನಗೆ. ಅವಳಿಗೆ ಹೇಳಿಬಿಡು ಈಗಲೇ. ಇನ್ನೊಂದು ಕತ್ತರಿಸ್ತಾಳೆ."

"ಸುಮ್ನಿರೇ. ಏನೂ ಆಗಲ್ಲ. ಸುಮ್ನೆ ಅವಳ ಮನಸ್ಸು ಕೆಡಿಸಬೇಡ."

ನಾನು ಮೆಟ್ಟಿಲ ಕಡೆಗೆ ಹೊರಟಿದ್ದೆ. ಅಷ್ಟರಲ್ಲಿ ಗುಬ್ಬಿಯೇ ಕೈ ಒರೆಸಿಕೊಳ್ಳುತ್ತಾ ಇಳಿದು ಬಂದಳು, ಹಿಂದೆಯೇ ಸೆಕ್ರೆಟರಿಯ ಫೋನು. ಸಂಜೆ ಅವರಿಗೆ ಬೇರೆ ಕೆಲಸವಿದೆಯಂತೆ, ಈಗಲೇ ಬರಬೇಕಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೀಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೆಜ್ಜೆ ಹಾಕಿಯೇಬಿಟ್ಟಳು. ಅಣ್ಣನೂ ಹೊರಟ. ನಾನು ಝೆರಾಕ್ಸಿಗೆ ಬಂದವರನ್ನು ಅಂಗಡಿಯಲ್ಲೇ ನಿಲ್ಲಿಸಿ ರಸ್ತೆ ದಾಟಿ ಓಡಿದೆ, "ಗುಬ್ಬಿ, ನಿಲ್ಲು" ಎಂದು ಕೂಗುತ್ತಾ. ಲಾರಿಯ ಹಾರನ್ನಿನಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು?

ನಾನು ತಲುಪುವ ಹೊತ್ತಿಗೆ ಪಂಪ್ ರೂಮಿನ ಬೀಗ ಹೇಗೋ ಮುಲುಗಿ ತೆರೆದುಕೊಂಡಿತ್ತು. ಮೀಟರ್ ರೂಮಿನದು ತೆರೆಯಲಿಲ್ಲ. ಗುಬ್ಬಿ ಕೀಯನ್ನು ಹೊರಗೆಳೆದು ಮತ್ತೆ ಹಾಕಿದಳು. ಅರ್ಧಕ್ಕೆ ನಿಂತಿತು. ಸೆಕ್ರೆಟರಿಯ ಜೊತೆ ಬಂದಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಕೀಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಡುವಿನ ಹಲ್ಲಿನ ಮೇಲೆ ಹೊಸದಾಗಿ ಹೊಳೆಯುವ ಒಂದು ಗೀರು ನನಗೂ ಕಾಣುವಷ್ಟು ಚೆನ್ನಾಗಿ ಕಂಡಿತು. ಅವಳು ಅಪ್ಪನ ಕಡೆ ತಿರುಗಲೂ ಇಲ್ಲ.

"ನನ್ನ ತಪ್ಪು ಸರ್" ಎಂದಳು ಸೆಕ್ರೆಟರಿಗೆ. "ಅರ್ಧ ಗಂಟೆ ಕೊಡಿ. ಇನ್ನೊಂದು ತರ್ತೀನಿ."

"ಇಲ್ಲ ಸ್ವಾಮಿ, ನಾನು ಉಜ್ಜಿದ್ದು" ಎಂದ ಅಣ್ಣ. ಅಷ್ಟರಮಟ್ಟಿಗೆ ಪ್ರಾಮಾಣಿಕ. "ಅವಳು ಸರಿಯಾಗೇ ಮಾಡಿದ್ಲು."

"ಹೋಗಲಿ ಬಿಡಿ ಯಜಮಾನ್ರೇ" ಎಂದು ಸೆಕ್ರೆಟರಿ ಅವನ ಭುಜ ತಟ್ಟಿದರು. "ನಿಮ್ಮ ಮೇಲೆ ನಮಗೆ ನಂಬಿಕೆ ಇದೆ."

ಜನ್ಮದಲ್ಲಿ ಮೊದಲ ಸಲ ಆ ಮಾತಿಗೆ ಅಣ್ಣ ಸಿಡುಕಲಿಲ್ಲ.

ಗುಬ್ಬಿ ಹೇಳಿದ ಅರ್ಧ ಗಂಟೆಯಲ್ಲಿ ಇನ್ನೊಂದು ಕೀ ತಂದಳು. ಎಲ್ಲ ಬಾಗಿಲೂ ತೆರೆದವು. ಕಟ್ಟಡದ ಕೆಲಸ ನಮಗೇ ಸಿಕ್ಕಿತು. ಅಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಮನೆಗೆ ಬಂದು, "ನೋಡಿದ್ಯಾ, ಎಲ್ಲಾ ಸುಖವಾಗಿ ಮುಗೀತು. ಇನ್ನು ಆ ಕಂಪನಿಯವರಿಗೆ ಬರಲ್ಲ ಅಂತ ಹೇಳಿಬಿಡಮ್ಮ" ಎಂದ.

ಗುಬ್ಬಿ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು.

"ಅವರಿಗೆ ಬರ್ತೀನಿ ಅಂತ ಹೇಳಾಯ್ತು ಅಪ್ಪ."

"ಯಾಕೆ? ಕೆಲಸ ಸಿಕ್ಕಿತಲ್ಲ. ತಪ್ಪು ನಂದೇ ಅಂತ ಎಲ್ಲರ ಮುಂದೆ ಒಪ್ಪಿಕೊಂಡೆನಲ್ಲ. ಇನ್ನೇನು ಮಾಡಬೇಕಿತ್ತು ನಾನು?"

"ಏನೂ ಮಾಡಬಾರದಿತ್ತು. ಅಷ್ಟೇ ಕೇಳಿದ್ದು ನಾನು. ಊಟ ಮಾಡಿ ಬರೋವರೆಗೂ ಏನೂ ಮಾಡದೆ ಸುಮ್ಮನೆ ಇರು ಅಂತ."

"ನಂಬಿಕೆ ಇಲ್ಲದೆ ನಿನಗೆ ನನ್ನ ವಿದ್ಯೆ ಎಲ್ಲ ಧಾರೆ ಎರೆದೆನಾ?" ಎಂದ ಅಣ್ಣ.

"ಎರೆದೆ ಅಪ್ಪ. ನಿನಗಿರೋ ಅಷ್ಟು ನಂಬಿಕೆ ನನ್ನ ಮೇಲೆ ಇನ್ಯಾರಿಗೂ ಇಲ್ಲ. ಅದರಿಂದ ನನಗೆ ಏನು ಪ್ರಯೋಜನ ಆಯ್ತು ಹೇಳು."

ಅಣ್ಣ ನನ್ನತ್ತ ನೋಡಿದ, ನೀನಾದರೂ ಹೇಳು ಎಂಬಂತೆ. ನಾನು ಯಾವ ಬಾಯಿಂದ ಹೇಳಲಿ? ಇಬ್ಬರಿಗೂ ಕಪಾಳಕ್ಕೆ ಬಿಗಿಯಬೇಕು ಅನ್ನಿಸುತ್ತಿತ್ತು, ಇಬ್ಬರನ್ನೂ ತಬ್ಬಿಕೊಂಡು ಅಳಬೇಕು ಅನ್ನಿಸುತ್ತಿತ್ತು. ಎರಡೂ ಮಾಡದೆ ತಟ್ಟೆ ತೊಳೆದೆ. ಭಾನುವಾರವೆಲ್ಲ ಮನೆಯಲ್ಲಿ ಒಬ್ಬರಿಗೊಬ್ಬರು ಮಾತಿಲ್ಲ, ನಾನೇ ನಡುವೆ ಅವನು ಸಾಬೂನು ಕೇಳಿದ, ಅವಳು ಚಾರ್ಜರ್ ಕೇಳಿದಳು ಎಂದು ಸುದ್ದಿ ಮುಟ್ಟಿಸುತ್ತಾ ಓಡಾಡಿದೆ.

ಸೋಮವಾರ ಬೆಳಿಗ್ಗೆ ಮೂವರೂ ಬಸ್ ಸ್ಟಾಪಿಗೆ ಹೋದೆವು. ಗುಬ್ಬಿಯ ಬೆನ್ನಿಗೆ ಒಂದು ಚೀಲ, ಕೈಯಲ್ಲಿ ಒಂದು ಬ್ಯಾಗು. ಅಣ್ಣ ಅವಳಿಗಿಂತ ಎರಡು ಹೆಜ್ಜೆ ಹಿಂದೆ ನಿಂತ. ಅವನ ಅಭ್ಯಾಸ ನನಗೆ ಗೊತ್ತಿಲ್ಲವೇ? ನೀರಿನ ಬಾಟಲಿ ಮುಟ್ಟಿ ನೋಡಬೇಕು, ಐಡಿ ಕಾರ್ಡ್ ಇದೆಯಾ ಎಂದು ಕೇಳಬೇಕು, ಚೀಲದ ಪಟ್ಟಿ ಎಳೆದು ನೋಡಬೇಕು. ಅವನ ಕೈ ಮುಂದೆ ಹೋಗಿದ್ದನ್ನು ಕಂಡೆ. ನಡುದಾರಿಯಲ್ಲಿ ನಿಂತಿತು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ಒಂದನ್ನು ಇನ್ನೊಂದರಿಂದ ಗಟ್ಟಿಯಾಗಿ ಹಿಡಿದುಕೊಂಡ.

ಬಸ್ಸು ಬಂತು. ಗುಬ್ಬಿ ನನ್ನ ಕೈ ಅದುಮಿದಳು. ಅಪ್ಪನ ಕಡೆ ತಿರುಗಿ ಸ್ವಲ್ಪ ಹೊತ್ತು ಕಾದಳು. ಅವನು ಏನಾದರೂ ಕೇಳಲಿ ಎಂದಿತ್ತೋ ಏನೋ.

"ಏನೂ ನೋಡಲ್ವಾ ಅಪ್ಪ?"

"ಇಲ್ಲಮ್ಮ" ಎಂದ. "ಹೋಗಿ ಬಾ."

ಅವಳ ಮುಖ ಒಂದು ಗಳಿಗೆ ಹೇಗೋ ಆಯಿತು. ಕಂಡಕ್ಟರ್ ಕೂಗಿದ, ಹತ್ತಿದಳು, ಜನರ ನಡುವೆ ಕಾಣದಾದಳು. ಬಸ್ಸು ಹೊರಟಿತು. ಇದನ್ನೇ ಎರಡು ದಿನ ಮೊದಲು ಮಾಡಿದ್ದರೆ ನಿನ್ನಪ್ಪನ ಗಂಟೇನು ಹೋಗುತ್ತಿತ್ತು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನಪ್ಪ ನನಗೂ ಅಪ್ಪನೇ ಆದ್ದರಿಂದ ನುಂಗಿಕೊಂಡೆ. ಅಣ್ಣ ಬೆನ್ನ ಹಿಂದಿನ ಕೈ ಬಿಡಿಸದೆ ಬಸ್ಸು ಹೋದ ದಿಕ್ಕನ್ನೇ ನೋಡುತ್ತಾ ನಿಂತಿದ್ದ.

"ಬೆನ್ನಿನ ಚೀಲದ ಜಿಪ್ಪು ತೆರೆದೇ ಇತ್ತು ಕಣೇ" ಎಂದ. "ಹೇಳಲಿಲ್ಲ."